ದಮ್ಮು ಇಳಿಸಿದ ಎಲೆ, ಮೂತ್ರ ಕಟ್ಟಿಸಿದ ಎಲೆ

ಹಾವೇರಿ ಹತ್ತಿರದ ನಮ್ಮೂರಿನಲ್ಲಿ ಅಜ್ಜನಿಗೆ ದಮ್ಮು ಹೆಚ್ಚಾದಾಗ ಒಣಗಿದ ಮದಗುಣಿಕೆ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಚಿಲುಮೆಗೆ ತುಂಬುತ್ತಿದ್ದರು. ನಾಲ್ಕು ಸಲ ಎಳೆಯುವಷ್ಟರಲ್ಲಿ ಎದೆಯ ಸುಂಯ್‌ಗುಡುವಿಕೆ ತಗ್ಗುತ್ತಿತ್ತು. ಆಮೇಲೆ ಬಾಯಿ ಒಣಗುತ್ತಿತ್ತು. ರಾತ್ರಿ ಮೂತ್ರ ಕಟ್ಟಿ ಅಂಗಳದಲ್ಲಿ ತಿರುಗಾಡುತ್ತಿದ್ದರು. 'ಉಸಿರು ಬಿಟ್ಟರೆ ಉಚ್ಚೆ ಕಟ್ಟುತ್ತದೆ' ಎಂದು ಅಜ್ಜಿ ಗೊಣಗುತ್ತಿದ್ದಳು. ಇಡೀ ಔಷಧಶಾಸ್ತ್ರ ಆ ಗೊಣಗಾಟದಲ್ಲಿತ್ತು.

ಮದಗುಣಿಕೆ ಎಂದರೆ ದತ್ತೂರ. ಹುಬ್ಬಳ್ಳಿಯ ತಿಪ್ಪೆಗಳ ಮೇಲೂ ಬೆಳೆಯುತ್ತದೆ, ಶಿವನ ತಲೆಯನ್ನೂ ಏರುತ್ತದೆ. ಆಯುರ್ವೇದದ ಕನಕಾಸವದ 'ಕನಕ' ಇದೇ. ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಹೇಳಿಕೊಟ್ಟ ಈ ಧೂಮಪಾನವನ್ನು ಜನರಲ್ ಜೆಂಟ್ ಎಂಬ ದಮ್ಮಿನ ರೋಗಿ 1802ರಲ್ಲಿ ಬ್ರಿಟನ್ನಿಗೆ ಒಯ್ದ. ಮುಂದೆ ಅದು ಅಂಗಡಿಯಲ್ಲಿ 'ಆಸ್ತಮಾ ಸಿಗರೇಟು' ಆಗಿ ಮಾರಾಟವಾಯಿತು. ಈಗ ಕೇಳಿದರೆ ನಗು ಬರುತ್ತದೆ.

ಎಲೆಯೊಳಗಿನ ಅಟ್ರೋಪಿನ್ ಮಾಡುವುದು ಒಂದೇ ಕೆಲಸ. ನರದ ತುದಿಯಿಂದ ಒಸರುವ ಅಸಿಟೈಲ್‌ಕೋಲಿನ್ ಶ್ವಾಸನಾಳದ ಸ್ನಾಯುವನ್ನು ಬಿಗಿಯುತ್ತದೆ. ಮೂತ್ರಕೋಶವನ್ನು ಹಿಂಡಿ ಖಾಲಿ ಮಾಡಿಸುವುದೂ ಅದೇ. ಅದು ಕೂರಬೇಕಾದ ಜಾಗದಲ್ಲಿ ಅಟ್ರೋಪಿನ್ ಮೊದಲೇ ಹೋಗಿ ಕೂರುತ್ತದೆ. ನಾಳ ಸಡಿಲವಾಗಿ ಗಾಳಿ ಹೋಗುತ್ತದೆ, ಮೂತ್ರಕೋಶ ಸಡಿಲವಾಗಿ ಮೂತ್ರ ನಿಲ್ಲುತ್ತದೆ. ಮೂತ್ರನಾಳವನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಾದ ಮುದುಕರಿಗಂತೂ ದಾರಿ ಮೊದಲೇ ಇಕ್ಕಟ್ಟು. ಎಲೆಗೆ ಅಳತೆಯೂ ಇಲ್ಲ: ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬೇರೆ, ಬೀಜ ತಿಂದು ಭ್ರಮೆ ಹತ್ತಿ ಸತ್ತವರಿದ್ದಾರೆ.

ರಸಾಯನಶಾಸ್ತ್ರಜ್ಞರು ಉಸಿರು-ಮೂತ್ರದ ಈ ಜೋಡಿಯನ್ನು ಬಿಡಿಸಲು ಹೊರಟರು. 1970ರ ದಶಕದಲ್ಲಿ ಬಳಕೆಗೆ ಬಂದ ಇಪ್ರಾಟ್ರೋಪಿಯಂ ಎಂಬ ದಮ್ಮಿನ ಔಷಧ ಅಟ್ರೋಪಿನ್ನಿನ ಮಾರ್ಪಾಡು. ಅದರ ಅಣುವಿಗೆ ಕಾಯಂ ವಿದ್ಯುದಂಶ ಇರುವುದರಿಂದ ಉಸಿರಿನೊಂದಿಗೆ ಎಳೆದದ್ದರಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ, ಮಿದುಳಿಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ದತ್ತೂರದಲ್ಲೇ ಇರುವ ಇನ್ನೊಂದು ಅಂಶ ಸ್ಕೋಪೊಲಮೈನ್. ಅದನ್ನು ಮಾರ್ಪಡಿಸಿದ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ 1950ರ ದಶಕದಿಂದ ಹೊಟ್ಟೆ ಹಿಂಡುವ ನೋವಿಗೆ, ಮೂತ್ರದ ಹರಳು ಎಬ್ಬಿಸುವ ನೋವಿಗೂ ಬಳಕೆಯಲ್ಲಿದೆ. ಇದೇ ರೀತಿ ಕೆಲಸ ಮಾಡುವ ಆಕ್ಸಿಬ್ಯುಟಿನಿನ್‌ನದು ಇನ್ನೂ ತಮಾಷೆ: ಅಜ್ಜನಿಗೆ ಕಾಟ ಕೊಟ್ಟ ಗುಣವೇ, ಪದೇ ಪದೇ ಮೂತ್ರಕ್ಕೆ ಓಡುವವರಿಗೆ ಅಲ್ಲಿ ಔಷಧ.

ಆದರೂ ಗಂಟು ಪೂರ್ತಿ ಬಿಚ್ಚಿಲ್ಲ. ಕಳೆದ ವರ್ಷ ಕಾಕಾನನ್ನು ಹುಬ್ಬಳ್ಳಿಯ ಎದೆರೋಗ ವೈದ್ಯರ ಬಳಿ ಕರೆದೊಯ್ದಿದ್ದೆ. ಇದೇ ಬಗೆಯ ಔಷಧವಿರುವ ಇನ್ಹೇಲರ್ ಬರೆಯುವ ಮುನ್ನ ಅವರು, 'ಮೂತ್ರ ಸಲೀಸಾಗಿ ಆಗುತ್ತದೆಯೇ?' ಎಂದು ಕೇಳಿದರು. ಕಾಕಾ ನನ್ನ ಮುಖ ನೋಡಿದರು. 'ನಾನು ತೋರಿಸಲು ಬಂದದ್ದು ಎದೆ, ಡಾಕ್ಟರೇ.'