48 ಮತಗಳ ಕ್ಷೇತ್ರ: ಪಾಲಿಕೆಯ ಫಲಿತಾಂಶದಿಂದ ಲೋಕಸಭೆಯನ್ನು ಅಂದಾಜಿಸುವ ಬಗೆ

2024ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿ ವಾಯುವ್ಯ ಕ್ಷೇತ್ರದಲ್ಲಿ ಇಬ್ಭಾಗವಾದ ಶಿವಸೇನೆಯ ಏಕನಾಥ ಶಿಂದೆ ಬಣದ ರವೀಂದ್ರ ವಾಯ್ಕರ್ 4,52,644 ಮತಗಳನ್ನೂ ಉದ್ಧವ್ ಠಾಕ್ರೆ ಬಣದ ಅಮೋಲ್ ಕೀರ್ತಿಕರ್ 4,52,596 ಮತಗಳನ್ನೂ ಪಡೆದರು. ಅಂತರ ಕೇವಲ 48. ಮತಯಂತ್ರಗಳ ಎಣಿಕೆಯನ್ನಷ್ಟೇ ನೋಡಿದರೆ ಕೀರ್ತಿಕರ್ ಒಂದು ಮತದಿಂದ ಮುಂದಿದ್ದರು; ಅಂಚೆ ಮತಪತ್ರಗಳಲ್ಲಿ ವಾಯ್ಕರ್ ಅವರಿಗೆ 1,550, ಕೀರ್ತಿಕರ್ ಅವರಿಗೆ 1,501 ಮತಗಳು ಸಿಕ್ಕಿ ಫಲಿತಾಂಶ ತಿರುಗಿತು. ನೋಟಾಕ್ಕೆ ಬಿದ್ದ ಮತಗಳೇ ಹದಿನೈದು ಸಾವಿರವನ್ನು ದಾಟಿದ್ದವು.

ಗೋರೆಗಾಂವ್, ಜೋಗೇಶ್ವರಿ, ಅಂಧೇರಿಗಳಲ್ಲಿ ಕನ್ನಡಿಗರ ಮತ್ತು ತುಳುವರ ಮನೆಗಳು ಬಹಳವಿರುವುದರಿಂದ, ನಮ್ಮ ಓದಿನ ಗುಂಪಿನಲ್ಲಿ ಚುನಾವಣಾ ಅಧ್ಯಯನದ ಪಾಠಕ್ಕೆ ಈ ಕ್ಷೇತ್ರವನ್ನೇ ಉದಾಹರಣೆಯಾಗಿ ಇಟ್ಟುಕೊಂಡೆವು. ಇಷ್ಟು ಕೂದಲೆಳೆಯ ಅಂತರದ ಕ್ಷೇತ್ರದ ಮುಂದಿನ ಒಲವನ್ನು ಮಹಾನಗರ ಪಾಲಿಕೆಯ ಫಲಿತಾಂಶ ಎಷ್ಟರಮಟ್ಟಿಗೆ ಸೂಚಿಸಬಲ್ಲದು ಎಂಬುದು ಪ್ರಶ್ನೆ. ಗೆದ್ದ ನಗರಸೇವಕರ (ಪಾಲಿಕೆ ಸದಸ್ಯರ) ಸಂಖ್ಯೆ ಸೂಚಿಸುವುದು ತೀರಾ ಕಡಿಮೆ, ಸೋತವರಿಗೆ ಬಿದ್ದ ಮತಗಳು, ಅದರಲ್ಲೂ ಮೂರನೆಯ ಸ್ಥಾನದವರ ಮತಗಳು ಸೂಚಿಸುವುದು ಬಹಳ ಹೆಚ್ಚು ಎಂಬುದು ಓದಿದ ಮೇಲೆ ನಾನು ತಲುಪಿದ ನಿಲುವು.

ಎಲ್ಲೆಗಳು

ಈ ಲೋಕಸಭಾ ಕ್ಷೇತ್ರದಲ್ಲಿ ಜೋಗೇಶ್ವರಿ ಪೂರ್ವ, ದಿಂಡೋಶಿ, ಗೋರೆಗಾಂವ್, ವರ್ಸೋವಾ, ಅಂಧೇರಿ ಪಶ್ಚಿಮ ಮತ್ತು ಅಂಧೇರಿ ಪೂರ್ವ ಎಂಬ ಆರು ವಿಧಾನಸಭಾ ಕ್ಷೇತ್ರಗಳಿವೆ. ಪಾಲಿಕೆಯ 227 ವಾರ್ಡ್‌ಗಳನ್ನು ಮುಂಬಯಿಯ 36 ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಸರಾಸರಿ ಆರಕ್ಕಿಂತ ತುಸು ಹೆಚ್ಚು ಬರುತ್ತವೆ. ಚುನಾವಣಾ ವಾರ್ಡ್ ಬೇರೆ, ಕೆ ಪೂರ್ವ, ಕೆ ಪಶ್ಚಿಮ, ಪಿ ದಕ್ಷಿಣ ಎಂದು ಕರೆಯುವ ಆಡಳಿತ ವಾರ್ಡ್ ಬೇರೆ ಎಂಬುದನ್ನು ನೆನಪಿಡಬೇಕು. ಕೆ ಪೂರ್ವದ ಅಂಕಿಗಳನ್ನು ಇಡಿಯಾಗಿ ತೆಗೆದುಕೊಂಡರೆ ವಿಲೇಪಾರ್ಲೆ ಪೂರ್ವವೂ ಜೊತೆಗೆ ಬಂದುಬಿಡುತ್ತದೆ. ವಿಲೇಪಾರ್ಲೆ ಸೇರಿರುವುದು ಮುಂಬಯಿ ಉತ್ತರ ಮಧ್ಯ ಲೋಕಸಭಾ ಕ್ಷೇತ್ರಕ್ಕೆ. ಲೋಕಸಭೆ ಮತ್ತು ವಿಧಾನಸಭೆಗಳ ಮತಗಟ್ಟೆವಾರು ಲೆಕ್ಕ ಫಾರ್ಮ್ 20 ಎಂಬ ಫಲಿತಾಂಶದ ನಮೂನೆಯಲ್ಲಿ ಸಿಗುತ್ತದೆ, ಪಾಲಿಕೆಯ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವಾದ್ದರಿಂದ ಅದರ ಲೆಕ್ಕ ಅಲ್ಲಿರುವುದಿಲ್ಲ. ವಾರ್ಡ್‌ಗಳ ಎಲ್ಲೆಗಳೂ ಸ್ಥಿರವಲ್ಲ: ಸಂಖ್ಯೆಯನ್ನು ಒಮ್ಮೆ 236ಕ್ಕೆ ಏರಿಸಿ, ಸರ್ಕಾರ ಬದಲಾದ ಮೇಲೆ ಮತ್ತೆ 227ಕ್ಕೆ ಇಳಿಸಿದ್ದು ಎಲ್ಲರಿಗೂ ಗೊತ್ತಿರುವ ವಿಷಯ.

ಸ್ಥಾನಗಳು ಮರೆಮಾಡುವ ಮತಗಳು

2024ರ ನವೆಂಬರ್‌ನ ವಿಧಾನಸಭಾ ಚುನಾವಣೆಯಲ್ಲಿ ಈ ಆರು ಕ್ಷೇತ್ರಗಳ ಪೈಕಿ ಮೂರನ್ನು ಉದ್ಧವ್ ಬಣವೂ ಮೂರನ್ನು ಬಿಜೆಪಿ ಮತ್ತು ಶಿಂದೆ ಸೇನೆಗಳಿರುವ ಮೈತ್ರಿಕೂಟವಾದ ಮಹಾಯುತಿಯೂ ಗೆದ್ದವು. ಮೂರಕ್ಕೆ ಮೂರು ಎಂದ ಕೂಡಲೇ ಮೇ ತಿಂಗಳ ಲೋಕಸಭಾ ಚುನಾವಣೆಯ ಸಮಬಲವೇ ಮುಂದುವರಿದಿದೆ ಎಂದು ಅನಿಸುತ್ತದೆ. ಆದರೆ ಅಂತರಗಳನ್ನು ಗಮನಿಸಬೇಕು. ಉದ್ಧವ್ ಬಣವು ಜೋಗೇಶ್ವರಿ ಪೂರ್ವವನ್ನು 1,541 ಮತಗಳಿಂದಲೂ ವರ್ಸೋವಾವನ್ನು 1,600 ಮತಗಳಿಂದಲೂ ಗೆದ್ದಿತು. ದಿಂಡೋಶಿಯನ್ನು ಸೇರಿಸಿದರೂ ಮೂರರ ಒಟ್ಟು ಅಂತರ ಹತ್ತು ಸಾವಿರವನ್ನು ಮುಟ್ಟುವುದಿಲ್ಲ. ಅತ್ತ ಅಂಧೇರಿ ಪೂರ್ವವೊಂದರಲ್ಲೇ ಮಹಾಯುತಿಯ ಅಂತರ 25 ಸಾವಿರವನ್ನು ದಾಟಿತು, ಗೋರೆಗಾಂವ್ ಮತ್ತು ಅಂಧೇರಿ ಪಶ್ಚಿಮಗಳಲ್ಲೂ ಅದು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿತ್ತು. ಎಲ್ಲವನ್ನೂ ಲೋಕಸಭಾ ಕ್ಷೇತ್ರದ ಮಟ್ಟಕ್ಕೆ ಕೂಡಿಸಿದರೆ, 48 ಮತಗಳಿದ್ದ ಮುನ್ನಡೆ ಆರು ತಿಂಗಳೊಳಗೆ ಐವತ್ತು ಸಾವಿರವನ್ನು ಮೀರಿತ್ತು. ಸ್ಥಾನಗಳ ಪಟ್ಟಿಯಲ್ಲಿ ಇದರ ಸುಳಿವೇ ಇಲ್ಲ. ಪಾಲಿಕೆಯಲ್ಲಿ ಆರು ಕ್ಷೇತ್ರಗಳ ಬದಲು ಮೂವತ್ತೈದಕ್ಕೂ ಹೆಚ್ಚು ವಾರ್ಡ್‌ಗಳಿರುವುದರಿಂದ ಈ ಮರೆಮಾಚುವಿಕೆಯೂ ಅಷ್ಟೇ ಹೆಚ್ಚುತ್ತದೆ.

ಒಂದು ಮತ ಎರಡಾಗುವ ಹಂತ

ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಈ ಹಂತ. ಹೀಗಾಗಿ ಬೇಕಾದದ್ದಕ್ಕಿಂತ ಹೆಚ್ಚು ವಿವರವಾಗಿ ಬರೆಯುತ್ತಿದ್ದೇನೆ. ಪುಸ್ತಕಗಳು ಸ್ವಿಂಗ್ ಎಂದು ಕರೆಯುವುದು ಒಂದು ಪಕ್ಷದ ಏರಿಕೆ ಮತ್ತು ಎದುರಾಳಿಯ ಇಳಿಕೆಗಳ ಸರಾಸರಿಯನ್ನು. ಮೊದಲ ಪಕ್ಷ ಶೇ. 48ರಿಂದ 45ಕ್ಕೆ ಇಳಿದು, ಎರಡನೆಯದು ಶೇ. 42ರಿಂದ 46ಕ್ಕೆ ಏರಿದರೆ ಸ್ವಿಂಗ್ ಮೂರೂವರೆ. ಆದರೆ ಅಂತರ ಆರರ ಮುನ್ನಡೆಯಿಂದ ಒಂದರ ಹಿನ್ನಡೆಗೆ, ಎಂದರೆ ಏಳರಷ್ಟು ಬದಲಾಗಿದೆ. ಸ್ವಿಂಗ್‌ನ ಎರಡರಷ್ಟು ಅಂತರ ಬದಲಾಗುವುದು ಏಕೆಂದರೆ, ಒಬ್ಬ ಮತದಾರ ಈ ಕಡೆಯಿಂದ ಆ ಕಡೆಗೆ ಹೋದಾಗ ಇಲ್ಲಿ ಒಂದು ಮತ ಕಡಿಮೆಯಾಗಿ ಅಲ್ಲಿ ಒಂದು ಹೆಚ್ಚಾಗುತ್ತದೆ. ಅದೇ ಮತದಾರ ಮನೆಯಲ್ಲೇ ಉಳಿದರೆ ಅಂತರ ಒಂದರಷ್ಟೇ ಬದಲಾಗುತ್ತದೆ. ಮುಂಬಯಿ ವಾಯುವ್ಯದಲ್ಲಿ 24 ಮತದಾರರು ವಾಯ್ಕರ್ ಅವರನ್ನು ಬಿಟ್ಟು ಕೀರ್ತಿಕರ್ ಅವರನ್ನು ಆರಿಸಿದ್ದರೆ ಇಬ್ಬರಿಗೂ 4,52,620 ಮತಗಳಾಗುತ್ತಿದ್ದವು, 25 ಮಂದಿಯಾಗಿದ್ದರೆ ಸಂಸದರೇ ಬೇರೆಯಾಗುತ್ತಿದ್ದರು. (ಸಮಬಲವಾದರೆ 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಕಲಮಿನ ಪ್ರಕಾರ ಚೀಟಿ ಎತ್ತಬೇಕು. 2017ರ ಪಾಲಿಕೆ ಚುನಾವಣೆಯಲ್ಲೂ 220ನೇ ವಾರ್ಡ್‌ನಲ್ಲಿ ಶಿವಸೇನೆ ಮತ್ತು ಬಿಜೆಪಿ ಸಮಬಲವಾಗಿ, ಚೀಟಿಯ ಮೂಲಕ ಬಿಜೆಪಿ ಗೆದ್ದಿತ್ತು.)

ಈಗ ಇದನ್ನು ವಾರ್ಡ್‌ಗಳಿಗೆ ಅನ್ವಯಿಸೋಣ. ಅಂಕಿಗಳು ನಾನೇ ಕಲ್ಪಿಸಿಕೊಂಡವು. ಮೂರು ವಾರ್ಡ್‌ಗಳಿವೆ, ಅ, ಬ, ಕ ಎಂಬ ಮೂರು ಪಕ್ಷಗಳು ಬೇರೆಬೇರೆಯಾಗಿ ಸ್ಪರ್ಧಿಸಿವೆ. ಮೊದಲ ವಾರ್ಡ್‌ನಲ್ಲಿ ಅ 9,000, ಬ 4,000, ಕ 2,000. ಎರಡನೆಯದರಲ್ಲಿ ಅ 5,000, ಬ 5,500, ಕ 4,000. ಮೂರನೆಯದರಲ್ಲಿ ಅ 4,800, ಬ 5,200, ಕ 4,500 ಮತಗಳನ್ನು ಪಡೆದಿವೆ. ಸ್ಥಾನಗಳಲ್ಲಿ ಬ ಎರಡು, ಅ ಒಂದು. ಒಟ್ಟು ಮತಗಳಲ್ಲಿ ಅ 18,800, ಬ 14,700, ಕ 10,500. ಸ್ಥಾನಗಳನ್ನು ನೋಡಿದವನು ಬ ಮುಂದಿದೆ ಎನ್ನುತ್ತಾನೆ, ಮತಗಳನ್ನು ನೋಡಿದವನು ಅ ಪಕ್ಷ 4,100 ಮತಗಳಿಂದ ಮುಂದಿದೆ ಎನ್ನುತ್ತಾನೆ.

ಲೋಕಸಭೆಗೆ ಬ ಮತ್ತು ಕ ಮೈತ್ರಿ ಮಾಡಿಕೊಂಡು ಬ ಪಕ್ಷದ ಅಭ್ಯರ್ಥಿಯನ್ನು ನಿಲ್ಲಿಸುತ್ತವೆ ಎಂದುಕೊಳ್ಳಿ. ಸುಮ್ಮನೆ ಕೂಡಿಸಿದರೆ ಮೈತ್ರಿಗೆ 25,200 ಮತಗಳು, ಸುಲಭ ಗೆಲುವು. ಆದರೆ ಕ ಪಕ್ಷದ ಮತದಾರರೆಲ್ಲರೂ ಬ ಪಕ್ಷದ ಚಿಹ್ನೆಯ ಗುಂಡಿಯನ್ನು ಒತ್ತುವುದಿಲ್ಲ. ನೂರರಲ್ಲಿ ಅರವತ್ತು ಮಂದಿ ಬ ಕಡೆಗೆ, ಇಪ್ಪತ್ತು ಮಂದಿ ಅ ಕಡೆಗೆ ಹೋಗಿ, ಉಳಿದ ಇಪ್ಪತ್ತು ಮಂದಿ ಮತಗಟ್ಟೆಗೇ ಬರಲಿಲ್ಲ ಎಂದರೆ ಬ ಪಕ್ಷಕ್ಕೆ 21,000, ಅ ಪಕ್ಷಕ್ಕೆ 20,900 ಮತಗಳಾಗುತ್ತವೆ. ಸುಲಭ ಗೆಲುವು ನೂರು ಮತಗಳಿಗೆ ಇಳಿಯಿತು. ಈಗ ಕ ಪಕ್ಷದ ನೂರು ಮತದಾರರಲ್ಲಿ ಒಬ್ಬರನ್ನು ಮಾತ್ರ ಬದಲಿಸಿ, ಬ ಕಡೆಗೆ 59, ಅ ಕಡೆಗೆ 21 ಮಾಡೋಣ. ಬ 20,895, ಅ 21,005. ಫಲಿತಾಂಶ ತಿರುಗಿಬಿಟ್ಟಿತು, ಏಕೆಂದರೆ ಆ ಶೇ. 1 ಎಂದರೆ 105 ಮತಗಳು, ಅವು ಆ ಕಡೆಗೂ ಈ ಕಡೆಗೂ ಎರಡು ಸಲ ಲೆಕ್ಕವಾಗಿ ಅಂತರವನ್ನು 210ರಷ್ಟು ಕದಲಿಸಿದವು.

ಇಲ್ಲಿ ಒಂದು ಹತ್ತಿರದ ದಾರಿ ನನಗೆ ಇಷ್ಟವಾಯಿತು. ಮೂರನೆಯ ಪಕ್ಷದ ಮತಗಳಲ್ಲಿ ಎಷ್ಟು ಪಾಲು ಬಂದರೆ ಸಾಕು ಎಂದು ಹಿಂದಿನಿಂದ ಲೆಕ್ಕ ಹಾಕುವುದು. ಮೇಲಿನ ಉದಾಹರಣೆಯಲ್ಲಿ ಬ ಪಕ್ಷ 4,100 ಮತಗಳ ಹಿನ್ನಡೆಯನ್ನು ತುಂಬಿಕೊಳ್ಳಬೇಕು. ಕ ಪಕ್ಷದ 10,500ಕ್ಕೆ ಅದು ಶೇ. 39. ಎಂದರೆ, ಕ ಪಕ್ಷದ ಮತದಾರರಲ್ಲಿ ಬ ಕಡೆಗೆ ಹೋಗುವವರ ಪ್ರಮಾಣದಲ್ಲಿ ಅ ಕಡೆಗೆ ಹೋಗುವವರ ಪ್ರಮಾಣವನ್ನು ಕಳೆದರೆ ಕನಿಷ್ಠ 39ಕ್ಕಿಂತ ಸ್ವಲ್ಪವಾದರೂ ಹೆಚ್ಚು ಉಳಿಯಬೇಕು. ಅರವತ್ತರಲ್ಲಿ ಇಪ್ಪತ್ತನ್ನು ಕಳೆದರೆ ನಲವತ್ತು, ಸಾಕಾಯಿತು. 59ರಲ್ಲಿ 21ನ್ನು ಕಳೆದರೆ 38, ಸಾಲಲಿಲ್ಲ. ಹೀಗೆ ಮಾಡಿದರೆ ಭವಿಷ್ಯವನ್ನು ಊಹಿಸುವ ಬದಲು, ಮೈತ್ರಿ ಗೆಲ್ಲಲು ಎಷ್ಟು ಒಗ್ಗಟ್ಟು ಬೇಕು ಎಂಬ ಒಂದೇ ಸಂಖ್ಯೆ ಕೈಗೆ ಸಿಗುತ್ತದೆ, ಅದು ಸಾಧ್ಯವೋ ಅಲ್ಲವೋ ಎಂಬುದನ್ನು ಸ್ಥಳೀಯ ರಾಜಕೀಯ ಬಲ್ಲವರು ಹೇಳಬಲ್ಲರು.

ಹಿಂದಿನ ಮೂರು ಜೋಡಿಗಳು

2007ರಲ್ಲಿ ಪಾಲಿಕೆಯನ್ನು ಸೇನೆ ಮತ್ತು ಬಿಜೆಪಿ ಉಳಿಸಿಕೊಂಡವು. 2009ರಲ್ಲಿ ಮುಂಬಯಿಯ ಆರೂ ಲೋಕಸಭಾ ಸ್ಥಾನಗಳು ಕಾಂಗ್ರೆಸ್ ಮತ್ತು ಎನ್‌ಸಿಪಿ ಪಾಲಾದವು. ಮುಂಬಯಿ ವಾಯುವ್ಯದಲ್ಲಿ ಗುರುದಾಸ್ ಕಾಮತ್ ಸುಮಾರು 38 ಸಾವಿರ ಮತಗಳಿಂದ ಗಜಾನನ ಕೀರ್ತಿಕರ್ ಅವರನ್ನು ಸೋಲಿಸಿದರು, ರಾಜ್ ಠಾಕ್ರೆಯವರ ಮಹಾರಾಷ್ಟ್ರ ನವನಿರ್ಮಾಣ ಸೇನೆಯ (ಮನಸೆ) ಅಭ್ಯರ್ಥಿಗೆ ಒಂದು ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು. ಪಾಲಿಕೆಯ ಫಲಿತಾಂಶ ತಪ್ಪು ದಾರಿ ತೋರಿಸಿದ್ದು, ಅಲ್ಲಿ ಏಳು ಸ್ಥಾನಗಳನ್ನಷ್ಟೇ ಗೆದ್ದಿದ್ದ ಈ ಮೂರನೆಯ ಪಕ್ಷ ಎರಡು ವರ್ಷಗಳಲ್ಲಿ ಬೆಳೆದುಬಿಟ್ಟದ್ದರಿಂದ. 2012ರಲ್ಲಿ ಸೇನೆ 75, ಬಿಜೆಪಿ 31 ಸ್ಥಾನಗಳನ್ನು ಗೆದ್ದವು, 2014ರಲ್ಲಿ ಆರೂ ಲೋಕಸಭಾ ಸ್ಥಾನಗಳು ಅದೇ ಮೈತ್ರಿಗೆ ಬಂದವು. 2017ರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಎದುರಿಸಿ 84 ಮತ್ತು 82 ಸ್ಥಾನಗಳನ್ನು ಪಡೆದರು. 2019ರಲ್ಲಿ ಮತ್ತೆ ಒಂದಾಗಿ, ಗಜಾನನ ಕೀರ್ತಿಕರ್ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

2017ರ ಸೇನೆಯ ಮತಗಳನ್ನು 2024ರ ಯಾವ ಸೇನೆಗೆ ಬರೆಯಬೇಕು ಎಂಬ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರವಿಲ್ಲ. ಹಾಲಿ ಸಂಸದರಾಗಿದ್ದ ಗಜಾನನ ಕೀರ್ತಿಕರ್ ಶಿಂದೆ ಬಣಕ್ಕೆ ಹೋದರು, ಮಗ ಅಮೋಲ್ ಉದ್ಧವ್ ಬಣದಲ್ಲಿ ಉಳಿದರು; ಉದ್ಧವ್ ಬಣದ ಶಾಸಕರಾಗಿದ್ದ ವಾಯ್ಕರ್ ಚುನಾವಣೆಯ ಹೊಸ್ತಿಲಲ್ಲಿ ಶಿಂದೆ ಕಡೆಗೆ ಬಂದರು. ಒಂದೇ ಮನೆಯ ಹಿರಿಯರು, ಕಿರಿಯರೇ ಎರಡು ಕಡೆ ನಿಂತಾಗ ಹಳೆಯ ವಾರ್ಡ್ ಅಂಕಿಗಳನ್ನು ಅರ್ಧರ್ಧ ಹಂಚುವುದು ಬರಿಯ ಊಹೆಯಾಗುತ್ತದೆ.

ಉಪಚುನಾವಣೆಯನ್ನು ಸೂಚಕವಾಗಿ ಬಳಸಲೇಬಾರದು ಎನ್ನಲು ಅಂಧೇರಿ ಪೂರ್ವವೇ ಸಾಕು. 2022ರ ನವೆಂಬರ್‌ನಲ್ಲಿ ಬಿಜೆಪಿಯ ಮುರ್ಜಿ ಪಟೇಲ್ ಕಣದಿಂದ ಹಿಂದೆ ಸರಿದಿದ್ದರಿಂದ ಉದ್ಧವ್ ಬಣದ ಋತುಜಾ ಲಟ್ಕೆ 66,530 ಮತ ಪಡೆದು ಗೆದ್ದರು, ಎರಡನೆಯ ಸ್ಥಾನ 12,806 ಮತಗಳ ನೋಟಾದ್ದಾಗಿತ್ತು. ಎರಡೇ ವರ್ಷಗಳಲ್ಲಿ ಅದೇ ಪಟೇಲ್ ಶಿಂದೆ ಸೇನೆಯಿಂದ ನಿಂತು ಲಟ್ಕೆ ಅವರನ್ನು ಸೋಲಿಸಿದರು.

ಮತದಾರರೂ ಒಂದೇ ಅಲ್ಲ

ಪಾಲಿಕೆ ಚುನಾವಣೆ 2017ರಲ್ಲಿ ಫೆಬ್ರವರಿ 21ರಂದು ನಡೆಯಿತು. 2024ರ ಲೋಕಸಭಾ ಮತದಾನ ಮೇ 20ರ ಸೋಮವಾರ, ಶಾಲೆಗಳಿಗೆ ಬೇಸಿಗೆ ರಜೆಯಿದ್ದ ಹೊತ್ತಿನಲ್ಲಿ. ಉಡುಪಿ, ಮಂಗಳೂರು ಕಡೆಯ ನಮ್ಮ ಎಷ್ಟೋ ಕುಟುಂಬಗಳು ಮೇ ತಿಂಗಳಲ್ಲಿ ಮದುವೆ, ನೇಮಗಳಿಗೆಂದು ಊರಿಗೆ ಹೋಗಿರುತ್ತವೆ, ಉತ್ತರ ಭಾರತದವರ ಮತ್ತು ಕೊಂಕಣದವರ ವಿಷಯವೂ ಹಾಗೆಯೇ. ಆದ್ದರಿಂದ ಶೇಕಡಾವಾರು ಮತದಾನ ಎರಡೂ ಸಲ ಒಂದೇ ಇದ್ದರೂ ಬಂದ ಜನರು ಬೇರೆಯಾಗಿರಬಹುದು. ನಳದ ನೀರು, ಗಟಾರ, ಹೋಟೆಲ್ ಪರವಾನಗಿಗಳಿಗಾಗಿ ಪರಿಚಿತ ನಗರಸೇವಕನಿಗೆ ಮತ ಹಾಕುವವರು ದೆಹಲಿಗೆ ಬೇರೆ ಚಿಹ್ನೆಯನ್ನು ಆರಿಸುವುದೂ ಸಾಮಾನ್ಯ.

2026ರ ಪಾಲಿಕೆಗೆ ಅನ್ವಯ

2026ರ ಜನವರಿಯ ಚುನಾವಣೆಯಲ್ಲಿ ಬಿಜೆಪಿ 89, ಶಿಂದೆ ಸೇನೆ 29, ಉದ್ಧವ್ ಸೇನೆ 65, ಮನಸೆ 6, ಕಾಂಗ್ರೆಸ್ 24 ಸ್ಥಾನಗಳನ್ನು ಗೆದ್ದವು. ಬಿಜೆಪಿ ಮತ್ತು ಶಿಂದೆ ಸೇನೆ ಸೇರಿದರೆ 118, ಬಹುಮತಕ್ಕೆ ಬೇಕಾದ 114ಕ್ಕಿಂತ ಹೆಚ್ಚು. ಉದ್ಧವ್ ಮತ್ತು ರಾಜ್ ಒಂದಾಗಿದ್ದರು, ಕಾಂಗ್ರೆಸ್ ಅವರೊಂದಿಗೆ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಕೀರ್ತಿಕರ್ ಅವರಿಗೆ ಬಿದ್ದ ನಾಲ್ಕೂವರೆ ಲಕ್ಷದಲ್ಲಿ ಕಾಂಗ್ರೆಸ್‌ನವರ ಮತಗಳೂ ಇದ್ದವು, ಮನಸೆ ಆಗ ಮಹಾಯುತಿಯನ್ನು ಬೆಂಬಲಿಸಿತ್ತು. ಹಾಗಾಗಿ ಮೇಲಿನ ಉದಾಹರಣೆಯ ಕ ಪಕ್ಷದ ಜಾಗದಲ್ಲಿ ಈಗ ಇರುವುದು ಕಾಂಗ್ರೆಸ್. ಆರೂ ಕ್ಷೇತ್ರಗಳ ವಾರ್ಡ್‌ಗಳಲ್ಲಿ ಉದ್ಧವ್ ಮತ್ತು ಮನಸೆಯ ಮೊತ್ತ ಮಹಾಯುತಿಗಿಂತ ಎಷ್ಟು ಹಿಂದಿದೆ, ಆ ಹಿನ್ನಡೆ ಕಾಂಗ್ರೆಸ್ ಮತಗಳ ಶೇಕಡಾ ಎಷ್ಟು ಎಂದು ತೆಗೆದರೆ, ಮತ್ತೆ ಮೈತ್ರಿಯಾದಾಗ ಬೇಕಾಗುವ ಒಗ್ಗಟ್ಟಿನ ಸಂಖ್ಯೆ ಸಿಗುತ್ತದೆ. ವರ್ಸೋವಾ ಮತ್ತು ಅಂಧೇರಿ ಪಶ್ಚಿಮದ ವಾರ್ಡ್‌ಗಳಿಗೆ ಈ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡುವುದು ಒಳ್ಳೆಯದು: ಮನಸೆಯ ಜೊತೆ ನಿಂತ ಉದ್ಧವ್ ಸೇನೆಗೆ ಅಲ್ಲಿನ ಮುಸ್ಲಿಂ ಮತ್ತು ಹಿಂದಿ ಭಾಷಿಕ ಕಾಂಗ್ರೆಸ್ ಮತದಾರರು ಅದೇ ಪ್ರಮಾಣದಲ್ಲಿ ಬರುತ್ತಾರೆಂದು ಹಿಡಿಯಲಾಗದು.

ಈಗಿನ ಲೋಕಸಭಾ ಎಲ್ಲೆಗಳು 2008ರ ಮರುವಿಂಗಡಣೆಯವು. ಮುಂದಿನ ಮರುವಿಂಗಡಣೆಯಲ್ಲಿ ಅವು ಬದಲಾದರೆ ವಾರ್ಡ್‌ಗಳ ಮೊತ್ತಗಳು ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಲೆಕ್ಕದ ಹಾಳೆಯನ್ನು ಮೊದಲಿನಿಂದಲೇ ಮತಗಟ್ಟೆವಾರು ಸಾಲುಗಳಲ್ಲಿ ಇಟ್ಟುಕೊಂಡು, ಪ್ರತಿ ಸಾಲಿನ ಮುಂದೆ ವಿಧಾನಸಭಾ ಕ್ಷೇತ್ರ ಮತ್ತು ವಾರ್ಡ್ ಸಂಖ್ಯೆ ಎರಡನ್ನೂ ಬರೆದಿಡಬೇಕು.