ಬಾಯ್ಲರ್‌ನ ಆಮ್ಲಜನಕ ಮಾಪಕ ಯಾವ ಕಡೆಗೆ ತಪ್ಪುತ್ತದೆ?

ಬಾಯ್ಲರ್‌ನ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಜಿರ್ಕೋನಿಯಾ (ಒಂದು ಬಗೆಯ ಪಿಂಗಾಣಿ) ಮಾಪಕದ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮಾಪಕ ಹೆಚ್ಚು ತೋರಿಸುತ್ತಿದ್ದರೆ ಬೆಂಕಿಗೆ ಗಾಳಿ ಧಾರಾಳವಾಗಿ ಸಿಗುತ್ತಿದೆ, ಆದ್ದರಿಂದ ಅಪಾಯವಿಲ್ಲ ಎಂಬುದೇ ಆ ನಂಬಿಕೆ. ಈ ಉಪಕರಣದ ಒಳಗುಟ್ಟು ತಿಳಿದವರು ಹಾಗೆ ನಿಶ್ಚಿಂತರಾಗಿರಲಾರರು. ಏಕೆಂದರೆ ಅದು ಕೆಟ್ಟಾಗ ಬಹುಪಾಲು ಇರುವುದಕ್ಕಿಂತ ಹೆಚ್ಚು ಆಮ್ಲಜನಕವನ್ನೇ ತೋರಿಸುತ್ತದೆ. ಅದನ್ನು ನಂಬಿದ ನಿಯಂತ್ರಣ ವ್ಯವಸ್ಥೆ ಗಾಳಿಯನ್ನು ಕಡಿಮೆ ಮಾಡುತ್ತಾ ಹೋದರೆ ಕುಲುಮೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಸುಡದ ಇಂಧನ ಸೇರಿಕೊಳ್ಳುತ್ತವೆ. ಸ್ಫೋಟಕ್ಕೆ ಬೇಕಾದ ಸಾಮಗ್ರಿ ಅದೇ.

ಹೊಗೆಕಾಲುವೆಯೊಳಗೆ ಚಾಚಿರುವ ಮಾಪಕದ ಕೊಳವೆಯ, ಅಂದರೆ ಪ್ರೋಬ್‌ನ, ತುದಿಯಲ್ಲಿ ಇಟ್ರಿಯಾ ಎಂಬ ಆಕ್ಸೈಡ್ ಬೆರೆಸಿದ ಜಿರ್ಕೋನಿಯಾದ ಸಣ್ಣ ಬಿಲ್ಲೆಯೊಂದಿದ್ದು (ಇದನ್ನೇ ಸೆಲ್ ಎನ್ನುತ್ತಾರೆ), ಅದರ ಎರಡೂ ಮುಖಗಳಿಗೆ ಪ್ಲಾಟಿನಂ ಲೇಪವಿರುತ್ತದೆ. ಒಂದು ಮುಖಕ್ಕೆ ಹೊಗೆ ತಾಗುತ್ತದೆ, ಇನ್ನೊಂದಕ್ಕೆ ಹೊರಗಿನ ಶುದ್ಧ ಗಾಳಿ. ಚೆನ್ನಾಗಿ ಕಾದ ಈ ಬಿಲ್ಲೆಯೊಳಗೆ ಆಮ್ಲಜನಕದ ಅಯಾನುಗಳು ಚಲಿಸಬಲ್ಲವು; ಎರಡು ಬದಿಯ ಆಮ್ಲಜನಕದ ವ್ಯತ್ಯಾಸ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚುತ್ತದೆ. ಕೆರೆಯ ತೂಬಿನ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿದ್ದರೆ ಹರಿವೇ ಇಲ್ಲದಂತೆ, ಎರಡೂ ಬದಿಗೆ ಗಾಳಿಯೇ ಇದ್ದಾಗ ಸೆಲ್ ಸೊನ್ನೆ ಮಿಲಿವೋಲ್ಟ್ ಕೊಡುತ್ತದೆ. 736 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಮ್ಲಜನಕ ಹತ್ತನೇ ಒಂದು ಪಾಲಿಗೆ ಇಳಿದಾಗಲೆಲ್ಲ ವೋಲ್ಟೇಜ್ 50 ಮಿಲಿವೋಲ್ಟ್ ಏರುತ್ತದೆ. ಈ ಲೆಕ್ಕಕ್ಕೆ ಆಧಾರ ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ 1889ರಲ್ಲಿ ಕೊಟ್ಟ ಸಮೀಕರಣ. ಅದೇ ನೆರ್ನ್ಸ್ಟ್ ಆ ಶತಮಾನದ ಕೊನೆಯಲ್ಲಿ ಇಂಥದೇ ಜಿರ್ಕೋನಿಯಾ ಕಡ್ಡಿಯಿಂದ ವಿದ್ಯುದ್ದೀಪ ಮಾಡಿದ್ದರು. ಆ ಕಡ್ಡಿಯನ್ನು ಮೊದಲು ಕಾಯಿಸದಿದ್ದರೆ ಅದರಲ್ಲಿ ವಿದ್ಯುತ್ ಹರಿಯುತ್ತಲೇ ಇರಲಿಲ್ಲ. ಇಂದಿನ ಪ್ರೋಬ್‌ಗೆ ಹೀಟರ್ ಬೇಕಾದದ್ದೂ ಅದೇ ಕಾರಣಕ್ಕೆ. 1961ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಸಂಸ್ಥೆಯ ವೈಸ್‌ಬಾರ್ಟ್ ಮತ್ತು ರೂಕಾ ಈ ತತ್ತ್ವವನ್ನು ಆಮ್ಲಜನಕ ಮಾಪಕವಾಗಿ ರೂಪಿಸಿದರು.

ಸೊನ್ನೆ ಮಿಲಿವೋಲ್ಟ್ ಎಂದರೆ ಗಾಳಿಯಲ್ಲಿರುವಷ್ಟೇ, ಅಂದರೆ ಶೇ. 20.95 ಆಮ್ಲಜನಕ ಎಂಬ ಈ ಒಂದು ಸಂಗತಿಯಲ್ಲೇ ತೊಂದರೆ ಅಡಗಿದೆ. ಬಿಲ್ಲೆ ಬಿರುಕು ಬಿಟ್ಟು ಎರಡು ಬದಿಯ ಅನಿಲಗಳು ಬೆರೆತರೆ ವೋಲ್ಟೇಜ್ ಕುಸಿಯುತ್ತದೆ, ಅಂಕಿ ಮೇಲೇರುತ್ತದೆ. ಹೋಲಿಕೆಗೆ ಕೊಡುವ ಗಾಳಿಯ ಬದಿಗೆ ಹೊಗೆ ನುಸುಳಿದರೂ ಅಷ್ಟೇ. ಪ್ರೋಬನ್ನು ಹೊಗೆಕಾಲುವೆಗೆ ಜೋಡಿಸುವ ಫ್ಲ್ಯಾಂಜ್‌ನ ಗ್ಯಾಸ್ಕೆಟ್ ಸಡಿಲವಾಗಿದ್ದರೆ, ಇಲ್ಲವೇ ಕ್ಯಾಲಿಬ್ರೇಷನ್ (ಗೊತ್ತಿರುವ ಅನಿಲ ಹಾಯಿಸಿ ಮಾಪಕವನ್ನು ಸರಿಹೊಂದಿಸುವುದು) ಮುಗಿದ ಮೇಲೆ ಅನಿಲದ ಕೊಳವೆಯ ವಾಲ್ವ್ ಪೂರ್ತಿ ಮುಚ್ಚದಿದ್ದರೆ, ಹೊಗೆಕಾಲುವೆಯ ಋಣ ಒತ್ತಡ ಹೊರಗಾಳಿಯನ್ನು ಒಳಗೆಳೆದು ಮತ್ತೆ ಹೆಚ್ಚು ತೋರಿಸುತ್ತದೆ. ಹೀಟರ್ ಸೋತು ಸೆಲ್ 50 ಡಿಗ್ರಿ ತಣ್ಣಗಾದರೆ, ಅದು ಲೆಕ್ಕಕ್ಕೆ ಸಿಗದ ಪಕ್ಷದಲ್ಲಿ, ಶೇ. 2.1 ಇದ್ದದ್ದು ಸುಮಾರು 2.35 ಎಂದು ಕಾಣುತ್ತದೆ. ಕೆಳಮುಖವಾಗಿ ತಪ್ಪಿಸುವ ಮುಖ್ಯ ಕಾರಣ ಒಂದೇ: ಹೊಗೆಯಲ್ಲಿ ಉಳಿದ ಕಾರ್ಬನ್ ಮೊನಾಕ್ಸೈಡ್ ಬಿಸಿ ಪ್ಲಾಟಿನಂ ಮೇಲೆ ಉರಿದು ಅಲ್ಲಿನ ಆಮ್ಲಜನಕವನ್ನು ತಿಂದುಬಿಡುವುದು.

ಆದ್ದರಿಂದ ಕೇವಲ ಗಾಳಿ ಹಾಯಿಸಿ, 20.9 ಬಂದಿತೆಂದು ಸಮಾಧಾನಪಡುವ ಪರೀಕ್ಷೆಗೆ ಬೆಲೆಯಿಲ್ಲ. ಸತ್ತ ಸೆಲ್ ಕೂಡ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ನೈಟ್ರೋಜನ್‌ನಲ್ಲಿ ಶೇ. 0.4 ಮತ್ತು ಶೇ. 8 ಆಮ್ಲಜನಕ ಬೆರೆಸಿದ, ಪ್ರಮಾಣಪತ್ರವಿರುವ ಎರಡು ಸಿಲಿಂಡರ್‌ಗಳು ಬೇಕು. 736 ಡಿಗ್ರಿಯ ಸೆಲ್ ಮೊದಲನೆಯದಕ್ಕೆ ಸುಮಾರು 86, ಎರಡನೆಯದಕ್ಕೆ ಸುಮಾರು 21 ಮಿಲಿವೋಲ್ಟ್ ಕೊಡಬೇಕು. ಶುದ್ಧ ನೈಟ್ರೋಜನ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ನೆರ್ನ್ಸ್ಟ್ ಸಮೀಕರಣದಲ್ಲಿರುವ ಲಾಗರಿದಮ್‌ನಲ್ಲಿ ಸೊನ್ನೆಗೆ ಬೆಲೆಯೇ ಇಲ್ಲ. ಫ್ಲೋಮೀಟರ್‌ನ ಗುಂಡು ತಯಾರಕರು ಹೇಳಿದ ಗೆರೆಯಲ್ಲೇ ನಿಂತಿರಬೇಕು: ಹರಿವು ಹೆಚ್ಚಾದರೆ ಸೆಲ್ ತಣಿಯುತ್ತದೆ, ಕಡಿಮೆಯಾದರೆ ಹೊಗೆ ಬೆರೆಯುತ್ತದೆ. ಅನಿಲವನ್ನು ನಿಲ್ಲಿಸಿದ ಮೇಲೆ ಅಂಕಿ ಹೊಗೆಯ ಮಟ್ಟಕ್ಕೆ ಎಷ್ಟು ಬೇಗ ಮರಳುತ್ತದೆ ಎಂಬುದನ್ನೂ ಪ್ರತಿಸಲ ಬರೆದಿಟ್ಟುಕೊಳ್ಳಬೇಕು. ಅದು ನಿಧಾನವಾಗುತ್ತಾ ಬಂದರೆ ಸೆಲ್ ಮುಂದಿನ ಫಿಲ್ಟರ್ ಬೂದಿಯಿಂದ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಬೂದಿ ವಿಪರೀತವಿರುವ ಭಾರತದ ಕಲ್ಲಿದ್ದಲು ಉರಿಸುವ ಕಡೆ ಇದು ಸದಾ ಇರುವ ಕಾಟ.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಉರಿಯುವ ಕಬ್ಬಿನ ಸಿಪ್ಪೆಯ ಅರ್ಧ ತೂಕ ನೀರೇ ಆದ್ದರಿಂದ ಇನ್ನೊಂದು ಎಚ್ಚರ ಬೇಕು. ಹೊಗೆಯಲ್ಲಿ ಶೇ. 20 ಆವಿಯಿದ್ದರೆ, ಕಾಲುವೆಯೊಳಗಿನ ಪ್ರೋಬ್ ಶೇ. 4 ತೋರಿಸುವಾಗ ಹೊಗೆಯನ್ನು ಒಣಗಿಸಿ ಅಳೆಯುವ ಕೈಮಾಪಕ ಶೇ. 5 ತೋರಿಸುತ್ತದೆ. ಎರಡೂ ಸರಿಯೇ. ಎರಡನ್ನೂ ಹೊಂದಿಸುವ ಆತುರದಲ್ಲಿ ಪ್ರೋಬ್‌ನ ಕ್ಯಾಲಿಬ್ರೇಷನ್ ತಿರುಚುವುದು ಮಾತ್ರ ತಪ್ಪು.

ಬಾಯ್ಲರ್ ಆರಿಸಿದಾಗ ವಿದ್ಯುತ್ ಉಳಿಸಲೆಂದು ಪ್ರೋಬ್‌ನ ಹೀಟರನ್ನೂ ಆರಿಸುವ ಅಭ್ಯಾಸವನ್ನು ಬಿಡಲೇಬೇಕು. ತಣ್ಣಗಾದ ಸೆಲ್ ಮೇಲೆ ಹೊಗೆಯ ಆವಿ ನೀರಾಗಿ ಕೂರುತ್ತದೆ, ಅದರಲ್ಲಿ ಗಂಧಕದ ಆಮ್ಲ ಸೇರುತ್ತದೆ, ಮತ್ತೆ ಕಾಯಿಸುವಾಗ ಬಿಲ್ಲೆ ಬಿರುಕು ಬಿಡುವ ಸಂಭವ ಹೆಚ್ಚುತ್ತದೆ. ಬಿರುಕು ಬಿಟ್ಟ ಸೆಲ್ ಏನು ತೋರಿಸುತ್ತದೆ ಎಂಬುದನ್ನು ಮೇಲೆ ನೋಡಿದ್ದೇವೆ.