ಮೀಥೈಲ್ ಬೊಟ್ಟು ಬಿದ್ದರೆ ಜೀನ್‌ಗೆ ಬೀಗ ಬಿದ್ದಂತೆಯೇ?

ಪ್ರಶ್ನೆ: ಗಿಡಗಳು ಜಿಗಿಯುವ ಜೀನ್‌ಗಳಿಗೆ (ಡಿಎನ್‌ಎಯಲ್ಲಿ ಜಾಗ ಬದಲಿಸುತ್ತಾ ಓಡಾಡುವ ತುಣುಕುಗಳಿಗೆ) ಮೀಥೈಲ್ ಅಂಟಿಸಿ ಬಾಯಿ ಮುಚ್ಚಿಸುತ್ತವೆ ಅಂತೀರಿ. ಕೆಲಸದ ಜೀನ್‌ಗಳಿಗೆ ಯಾಕೆ ಅದೇ ಗತಿ ಬರೋದಿಲ್ಲ? ಮೀಥೈಲ್ ಇದ್ದರೆ ಜೀನ್ ಆಫ್, ಅಲ್ವಾ?

ಉತ್ತರ: ಮೊದಲ ಪ್ರಶ್ನೆ ಒಳ್ಳೆಯದು. ಎರಡನೆಯದನ್ನು ಎಷ್ಟನೇ ಸಲ ಕೇಳುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಆದ್ದರಿಂದ ಅದೇ ಮೊದಲು.

ಮೀಥೈಲ್ ಅಂದರೆ ಡಿಎನ್‌ಎಯ ‘ಸಿ’ ಅಕ್ಷರಕ್ಕೆ ಇಡುವ ಒಂದು ಬೊಟ್ಟು. ಹಣೆಯ ಬೊಟ್ಟಿಗೂ ಮಗುವಿನ ಕೆನ್ನೆಯ ದೃಷ್ಟಿಬೊಟ್ಟಿಗೂ ಅರ್ಥ ಒಂದೇನಾ? ಇಲ್ಲೂ ಹಾಗೆ, ಎಲ್ಲಿ ಇಟ್ಟಿದೆ ಅನ್ನೋದು ಮುಖ್ಯ. ಅರಾಬಿಡಾಪ್ಸಿಸ್ ಅಂತ ಸಾಸಿವೆ ಕುಟುಂಬದ ಪುಟ್ಟ ಕಳೆಯೊಂದಿದೆ. 2006ರಲ್ಲಿ ಅದರ ಇಡೀ ಜೀನೋಮಿನ ಬೊಟ್ಟುಗಳ ನಕ್ಷೆ ಬಂತು. ಕೆಲಸದಲ್ಲಿದ್ದ ಜೀನ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಒಡಲಲ್ಲೇ ಬೊಟ್ಟಿತ್ತು! ಅವು ಸುಮ್ನೆ ಕೂತಿರಲಿಲ್ಲ, ಆರಾಮಾಗಿ ದುಡಿಯುತ್ತಿದ್ದವು. ಈ ಬೊಟ್ಟುಗಳೆಲ್ಲ ‘ಸಿ’ ಪಕ್ಕದಲ್ಲೇ ‘ಜಿ’ ಇರುವ ಜಾಗದವು. ಬಾಯಿ ಮುಚ್ಚಿಸುವ ಬೊಟ್ಟು ಸಾಮಾನ್ಯವಾಗಿ ಜೀನ್‌ನ ಬಾಗಿಲಲ್ಲಿ, ಅಂದರೆ ಪ್ರಮೋಟರ್‌ನಲ್ಲಿ ಬೀಳುತ್ತೆ. ಇಲ್ಲವೇ ‘ಸಿ’ಗೂ ‘ಜಿ’ಗೂ ನಡುವೆ ಬೇರೊಂದು ಅಕ್ಷರ ಇರುವ ಕಡೆ, ಹಿಸ್ಟೋನ್ ಅನ್ನುವ ಪ್ರೋಟೀನ್ ಮೇಲಿನ ಗುರುತಿನ ಜೊತೆಗೂಡಿ ಬರುತ್ತೆ.

ಅಪಾಯ ಇರೋದು ಈ ಜೋಡಿಯಲ್ಲಿ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಉಂಡೆಯ ಗುರುತನ್ನು ನೋಡಿ ಸಿಎಂಟಿ3 ಅನ್ನುವ ಕಿಣ್ವ ಡಿಎನ್‌ಎಗೆ ಬೊಟ್ಟಿಡುತ್ತೆ. ಆ ಬೊಟ್ಟು ನೋಡಿ ಕ್ರಿಪ್ಟೋನೈಟ್ ಅನ್ನುವ ಇನ್ನೊಂದು ಕಿಣ್ವ ಹಿಸ್ಟೋನ್‌ಗೆ ಮತ್ತೆ ಗುರುತು ಹಾಕುತ್ತೆ. ನೀನು ನನಗೆ, ನಾನು ನಿನಗೆ. ಇವರಿಬ್ಬರೂ ಒಳ್ಳೆಯ ಜೀನ್‌ಗಳನ್ನೂ ಬಿಡೋದಿಲ್ಲ.

ಇವರನ್ನು ತಡೆಯೋದು ಐಬಿಎಂ1. ಕಂಪ್ಯೂಟರ್ ಕಂಪನಿ ಅಲ್ಲ, ಹಿಸ್ಟೋನ್ ಗುರುತನ್ನು ಅಳಿಸುವ ಕಿಣ್ವ. ಜೀನ್ ಓದಿಸಿಕೊಳ್ಳುತ್ತಿದ್ದರೆ ಇದು ಅಲ್ಲಿಗೆ ಬಂದು ಒರೆಸುತ್ತೆ. ಜಿಗಿಯುವ ಜೀನ್‌ಗಳ ತಂಟೆಗೆ ಹೋಗೋದಿಲ್ಲ. 2008ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಕೆಡಿಸಿ ನೋಡಿದರು. ಸಾವಿರಾರು ಜೀನ್‌ಗಳ ಒಡಲಿಗೆ ಬೇಡದ ಬೊಟ್ಟು ಹರಡುತ್ತೆ. ಎಲೆ ಕಿರಿದಾಗುತ್ತೆ, ಹೂವಿನ ಬೆಳವಣಿಗೆ ಕೆಡುತ್ತೆ.

ಹಾಗಾದರೆ ಅಳಿಸುವವರನ್ನು ಹಿಡಿತದಲ್ಲಿ ಇಡೋರು ಯಾರು? ಇದನ್ನು ಯಾರೂ ಕೇಳಿಲ್ಲ, ನಾನೇ ಹೇಳಿಬಿಡ್ತೀನಿ. ಆರ್‌ಓಎಸ್1 ಅನ್ನುವ ಮತ್ತೊಂದು ಕಿಣ್ವ ಬೊಟ್ಟಿರುವ ‘ಸಿ’ಯನ್ನೇ ಕಿತ್ತು ಹಾಕುತ್ತೆ, ಆ ಜಾಗಕ್ಕೆ ಹೊಸ ‘ಸಿ’ ಬರುತ್ತೆ. ಈ ಕಿಣ್ವದ ಜೀನ್‌ನ ಬಾಗಿಲಲ್ಲೂ ಬೊಟ್ಟಿದೆ. ಅದು ಇದ್ದರೇನೇ ಜೀನ್ ಆನ್! ಬೊಟ್ಟು ಹೆಚ್ಚಿದರೆ ಆರ್‌ಓಎಸ್1 ಹೆಚ್ಚುತ್ತೆ, ಅಳಿಸುತ್ತೆ. ಬೊಟ್ಟು ಕಡಿಮೆಯಾದರೆ ತಾನೂ ಇಳಿಯುತ್ತೆ. ಮನೆ ಮೇಲಿನ ನೀರಿನ ಟ್ಯಾಂಕಲ್ಲಿ ತೇಲುವ ಬಾಲ್ ಇದೆಯಲ್ಲ, ಥೇಟ್ ಹಾಗೇ.